ಅರ್ಧ ಕೆಜಿ ಆತ್ಮಕಥೆ

ಕೆಲಸ ಹಿಡಿಯುವುದು ಯಾರಿಗಾದರೂ ಬರುತ್ತದೆ. ಹಿಡಿದದ್ದನ್ನು ಮುಗಿಸಿ, ಎದುರಿನವರ ಮುಖದಲ್ಲಿ ನಗು ಉಳಿಸಿ ಎದ್ದು ಬರಬೇಕಾದರೆ ನಮ್ಮಕ್ಕನೇ ಆಗಬೇಕು ಎಂದು ನಾನು ಕಂಡಕಂಡವರ ಹತ್ತಿರ ಜಂಬ ಕೊಚ್ಚುತ್ತಿದ್ದೆ. ಆ ಜಂಬವನ್ನು ತಕ್ಕಡಿಗೆ ಹಾಕಿ ತೂಗಿದವರು ನಮ್ಮ ಕೆಳಗಿನ ಮನೆಯ ತಾತ.

ಅಕ್ಕನ ಕೆಲಸ ಬೇರೆಯವರ ಪುಸ್ತಕಕ್ಕೆ ಪುಟ ಕಟ್ಟುವುದು. ಯಾರೋ ಬರೆದು ತರುತ್ತಾರೆ. ಅಕ್ಷರ ಯಾವುದು, ಎಷ್ಟು ದೊಡ್ಡದು, ಅಂಚು ಎಷ್ಟು ಬಿಡಬೇಕು, ಚಿತ್ರ ಎಲ್ಲಿ ಕೂರಬೇಕು, ಮುಖಪುಟ ಯಾವ ಬಣ್ಣ, ಇದೆಲ್ಲ ಇವಳ ಪಾಲು. ಕಚೇರಿ ಇಲ್ಲ, ಮೇಲಧಿಕಾರಿ ಇಲ್ಲ. ಅಮ್ಮ ನೆಂಟರಿಗೆ ಇದನ್ನು ವಿವರಿಸುವಾಗ, "ನಮ್ಮ ಹುಡುಗಿ ಯಾರ ಕೈಕೆಳಗೂ ಇಲ್ಲ" ಎಂದು ಹೆಮ್ಮೆಯಿಂದ ಶುರು ಮಾಡಿ, "ಅದಕ್ಕೇ ಎಲ್ರೂ ಅವಳ ತಲೆ ಮೇಲೆ ಕೂತಿದಾರೆ" ಎಂದು ಮುಗಿಸುತ್ತಾಳೆ.

ಅಕ್ಕನ ಜೊತೆ ಹೋಟೆಲಿಗೆ ಹೋಗಬಾರದು. ಮೆನು ಕಾರ್ಡನ್ನು ತಲೆಕೆಳಗೆ ಹಿಡಿದು ಸಾಲುಗಳ ನಡುವಿನ ಬಿಳಿ ಜಾಗ ನೋಡುತ್ತಾ ಕೂರುತ್ತಾಳೆ. ತಲೆಕೆಳಗಾದರೆ ಓದುವ ಆಸೆ ಹೋಗುತ್ತದಂತೆ, ಕಣ್ಣಿಗೆ ಬರೀ ಆಕಾರ ಕಾಣುತ್ತದಂತೆ. ಮಾಣಿ ಬಂದು ನಿಂತಾಗ ಅವಳಿಗೇನು ಬೇಕು ಎಂದು ಅಪ್ಪನೇ ಹೇಳಬೇಕು.

ಆದರೆ ಅವಳ ನಿಜವಾದ ಕೈಚಳಕ ಇರುವುದು ಕೊನೆಯಲ್ಲಿ. "ಇದೊಂದು ಸಣ್ಣ ಬದಲಾವಣೆ" ಎನ್ನದ ಗಿರಾಕಿ ಈ ಭೂಮಿಯ ಮೇಲೆ ಹುಟ್ಟಿಲ್ಲ. ಒಬ್ಬ ಹಲ್ಲಿನ ಡಾಕ್ಟರು ಹಲ್ಲುಜ್ಜುವುದು ಹೇಗೆ ಎಂಬ ಸಣ್ಣ ಪುಸ್ತಿಕೆಗೆ ದಿನಕ್ಕೊಂದು ಬಣ್ಣ ಹೇಳುತ್ತಿದ್ದರು. ಅಕ್ಕ ಒಂದು ದಿನ ತುಂಬ ವಿನಯದಿಂದ, ಹಲ್ಲು ಕೊರೆಯುವಾಗ ಎಲ್ಲಿ ನಿಲ್ಲಿಸಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ ಎಂದು ಕೇಳಿದಳಂತೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಇದ್ದ ಬಣ್ಣಕ್ಕೇ ಒಪ್ಪಿಗೆ ಕೊಟ್ಟರು. ಈಗಲೂ ಪ್ರೀತಿಯಿಂದ ಬ್ರಷ್ಷು ಕಳಿಸುತ್ತಾರೆ. ನಮ್ಮ ಬಚ್ಚಲುಮನೆಯಲ್ಲಿ ಜನರಿಗಿಂತ ಬ್ರಷ್ಷುಗಳೇ ಜಾಸ್ತಿ.

ಇಂಥ ಅಕ್ಕನ ಕೈಗೆ ತಾತ ಸಿಕ್ಕರು. ಅಥವಾ ತಾತನ ಕೈಗೆ ಅಕ್ಕ ಸಿಕ್ಕಳು.

ತಾತ ನಮಗೆ ರಕ್ತಸಂಬಂಧಿಯಲ್ಲ, ಮನೆ ಮಾಲೀಕರು. ನಾವು ಮೇಲೆ, ಅವರು ಮತ್ತು ಅಜ್ಜಿ ಕೆಳಗೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಬೀದಿಯಲ್ಲಿ ಎಲ್ಲರ ಬಾಯಲ್ಲೂ ತಕ್ಕಡಿ ತಾತ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಅವರು ರಸ್ತೆಗಿಳಿದರೆ ತರಕಾರಿಯವನ ಕೈ ತಾನಾಗಿ ತಕ್ಕಡಿಯಿಂದ ದೂರ ಸರಿಯುತ್ತದೆ. ಬೇಕರಿಯಿಂದ ತಂದ ಬ್ರೆಡ್ಡನ್ನು ಮನೆಯಲ್ಲಿ ತೂಗಿ, ಕಡಿಮೆ ಬಂದರೆ ವಾಪಸು ಕೊಂಡೊಯ್ಯುತ್ತಾರೆ. ಆರಿದ ಬ್ರೆಡ್ಡು ಹಗುರವಾಗುತ್ತದೆ ಸಾರ್ ಎಂದು ಬೇಕರಿಯವನು ಗೋಗರೆದರೂ ಬಿಡುವುದಿಲ್ಲ. ಬೇರೆ ಮನೆಗಳಲ್ಲಿ ಟಿವಿ ಇರುವ ಜಾಗದಲ್ಲಿ ಇವರ ಮನೆಯಲ್ಲಿ ಗಾಜಿನ ಬೀರು. ಅದರೊಳಗೆ ಫಳಫಳ ಹೊಳೆಯುವ ಹಿತ್ತಾಳೆ ತಕ್ಕಡಿ, ಪಕ್ಕದಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ನಿಂತ ತೂಕದ ಬಟ್ಟುಗಳು, ಶಾಲೆಯ ಫೋಟೋಗೆ ನಿಲ್ಲಿಸಿದ ಮಕ್ಕಳ ಹಾಗೆ.

ಒಂದು ಸಂಜೆ ಈ ತಾತ ಕಾಗದದ ದೊಡ್ಡ ಕಟ್ಟು ಹೊತ್ತು ಮೆಟ್ಟಿಲು ಹತ್ತಿ ಬಂದು, ಆತ್ಮಕಥೆ ಬರೆದಿದ್ದೇನೆ, ಪುಸ್ತಕ ಮಾಡಿಕೊಡು ಎಂದರು. ಅಮ್ಮ ಅಡುಗೆಮನೆ ಬಾಗಿಲಿನಿಂದ ಕಣ್ಣಲ್ಲೇ ಬೇಡ ಬೇಡ ಎಂದಳು. ಅಕ್ಕ ನೋಡಿಯೂ ನೋಡದವಳಂತೆ ಒಪ್ಪಿಕೊಂಡಳು. ಅವತ್ತಿನಿಂದ ಒಂದು ಹೊಸ ಪದ್ಧತಿ ಬಂತು. ಮೆಟ್ಟಿಲ ಮೇಲೆ ಸಿಕ್ಕರೆ ಅವರು ತಾತ, ಪುಸ್ತಕ ಬಿಚ್ಚಿ ಕೂತರೆ ಸರ್. ಕೆಲಸದಲ್ಲಿ ಸಲಿಗೆ ಬೆರೆತರೆ ಎರಡೂ ಕೆಡುತ್ತವೆ ಎಂದು ಅಕ್ಕನ ವಾದ. ತಾತನಿಗೂ ಸರ್ ಅನ್ನಿಸಿಕೊಳ್ಳುವುದು ಇಷ್ಟವೇ ಆಯಿತು, ನಿವೃತ್ತಿಯಾದ ಮೇಲೆ ಅದರ ಅಭ್ಯಾಸ ತಪ್ಪಿತ್ತಲ್ಲ.

ಬಾಲ್ಯ ಮುಗಿಯಿತು. ಓದು ಮುಗಿಯಿತು. ನೌಕರಿ, ದಾಳಿ, ಮೋಸದ ತಕ್ಕಡಿಗಳು, ಒಬ್ಬ ಮೀನಿನಂಗಡಿಯವಳು ಇವರನ್ನೇ ಎತ್ತಿ ತಕ್ಕಡಿಯಲ್ಲಿ ಕೂರಿಸಲು ಹೋದದ್ದು, ಎಲ್ಲ ಸೊಗಸಾಗಿ ಮುಗಿಯಿತು. ನಿವೃತ್ತಿಯೂ ಬಂತು. ಪುಸ್ತಕ ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ತಾತ ಬದುಕಿದ್ದರಲ್ಲ! ದಿನಾ ಬೆಳಿಗ್ಗೆ ಹಿಂದಿನ ದಿನವನ್ನು ಬರೆದು ತರತೊಡಗಿದರು. ನೀರಿನ ಪಂಪು ಕೆಟ್ಟದ್ದು ಒಂದು ಅಧ್ಯಾಯ, ಅದು ರಿಪೇರಿಯಾದದ್ದು ಇನ್ನೊಂದು. ನಾನು ಗೇಟಿನ ಹತ್ತಿರ ಸೈಕಲ್ಲಿಂದ ಬಿದ್ದದ್ದು "ಯುವಜನಾಂಗದ ಅವಸರ" ಎಂಬ ಹೆಸರಿನಲ್ಲಿ ಸೇರಿತು. ಕೊನೆಗೆ, ಮೇಲಿನ ಮನೆಯ ಹುಡುಗಿ ನನ್ನ ಪುಸ್ತಕಕ್ಕೆ ಅಕ್ಷರ ಆರಿಸಿದ ಬಗೆ ಎಂಬ ಅಧ್ಯಾಯವೂ ಬಂತು. ಅಂದರೆ ಪುಸ್ತಕ ತನ್ನನ್ನು ತಾನೇ ಬರೆದುಕೊಳ್ಳಲು ಶುರು ಮಾಡಿತ್ತು. ಹನುಮಂತನ ಬಾಲವಾದರೂ ಒಂದು ಕಡೆ ನಿಂತಿತ್ತು.

ನಮ್ಮ ಮನೆಯಲ್ಲಿ ಎಲ್ಲರ ನಡತೆ ಬದಲಾಯಿತು. ಅಪ್ಪ ಹಾಲು ತರಲು ಕೆಳಗಿಳಿಯುವ ಮೊದಲು ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಯಾವ ಅಧ್ಯಾಯದಲ್ಲಿ ಹೇಗೆ ಸಿಕ್ಕಿಬೀಳುತ್ತೇವೋ ಹೇಳಲಾಗದು ಎಂದು ಅವರ ಭಯ.

ಇದೆಲ್ಲ ತಮಾಷೆಯಾಗಿಯೇ ಇತ್ತು, ಮಕ್ಕಳ ಪುಸ್ತಕದ ಪ್ರಕಾಶಕರು ಅಕ್ಕನಿಗೆ ಫೋನ್ ಮಾಡುವ ತನಕ. ಅಕ್ಷರಮಾಲೆಯ ಪುಸ್ತಕ, ಅಕ್ಷರಕ್ಕೊಂದು ಪ್ರಾಣಿ, ಚಿತ್ರವೂ ಅವಳದ್ದೇ, ಮುಖಪುಟದ ಮೇಲೆ ಹೆಸರೂ ಅವಳದ್ದೇ. ಇಷ್ಟು ವರ್ಷ ಬೇರೆಯವರ ಹೆಸರನ್ನು ಎಲ್ಲಿ ಕೂರಿಸಿದರೆ ಚಂದ ಎಂದು ಅಳೆದೂ ಸುರಿದೂ ನೋಡಿದವಳಿಗೆ ಮೊದಲ ಸಲ ತನ್ನ ಹೆಸರು ಕೂರಿಸುವ ಅವಕಾಶ. ಆದರೆ ಪ್ರಕಾಶಕರು ಒಂದು ಮಾತು ಖಡಾಖಂಡಿತವಾಗಿ ಹೇಳಿದ್ದರು. ಮುಂದಿನ ತಿಂಗಳ ಮೊದಲಿಗೆ ಕೈಯಲ್ಲಿ ಬೇರೆ ಕೆಲಸ ಇಲ್ಲದೆ ಕೂರಬೇಕು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ.

ಅಕ್ಕ ಪ್ರಯತ್ನ ಶುರು ಮಾಡಿದಳು. ಪುಸ್ತಕ ದಪ್ಪವಾದರೆ ಬೈಂಡಿಂಗು ಬಿಟ್ಟುಕೊಳ್ಳುತ್ತದೆ ಸರ್ ಎಂದಳು. ಮಾರನೆಯ ದಿನ ತಾತ ಹಳೆಯ ಬೈಂಡರೊಬ್ಬನ ಫೋನ್ ನಂಬರಿನೊಂದಿಗೆ ಹಾಜರು. ಓದುವವರಿಗೆ ಸುಸ್ತಾಗುತ್ತದೆ ಎಂದಳು. ಒಂದೇ ದಿನದಲ್ಲಿ ಓದು ಎಂದು ಯಾರು ಹೇಳಿದರು, ನಾನೂ ಒಂದೇ ದಿನದಲ್ಲಿ ಬದುಕಿಲ್ಲ ಎಂದರು. ಕೊನೆಗೆ ಅಕ್ಕ ನೇರವಾಗಿಯೇ, ಕೊನೆಯ ಅಧ್ಯಾಯ ಬರೆದುಬಿಡಿ ಸರ್ ಎಂದಳು.

ತಾತ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಆತ್ಮಕಥೆಗೆ ಕೊನೇ ಅಧ್ಯಾಯ ಅಂದ್ರೆ ಏನರ್ಥ ಅಮ್ಮಾ?"

ಅಕ್ಕ ನೀರು ಕುಡಿಯುವ ನೆಪದಲ್ಲಿ ಎದ್ದು ಬಂದುಬಿಟ್ಟಳು.

ಹಲ್ಲಿನ ಡಾಕ್ಟರಾಗಿದ್ದರೆ ಆಗುವುದಿಲ್ಲ ಎಂದು ಕೈ ಮುಗಿಯಬಹುದಿತ್ತು. ಇದು ಮನೆ ಮಾಲೀಕರ ಕೆಲಸ. ಇದಕ್ಕೆ ಮೊದಲು ನಾವು ಮನೆ ಮೇಲೆ ಮನೆ ಬದಲಿಸಿದವರು. ಇದೊಂದು ಮನೆಯಲ್ಲಿ ಅಮ್ಮನ ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ, ಅಕ್ಕನ ಮೇಜಿಗೆ ಕಿಟಕಿ ಇದೆ. ಮುನಿಸಾಗಿ ಮನೆ ಖಾಲಿ ಮಾಡಿಸಿದರೆ ತಾನಂತೂ ಇನ್ನೊಂದು ಮನೆಗೆ ಸ್ಟವ್ ಹೊತ್ತುಕೊಂಡು ಬರುವುದಿಲ್ಲ ಎಂದು ಅಮ್ಮ ಸಾರಿಬಿಟ್ಟಳು.

"ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಹಾಗೆ ಏನಾದ್ರೂ ಮಾಡೇ."

"ಹಾವಿನ ಮನೇಲೇ ಬಾಡಿಗೆಗಿದೀವಲ್ಲಮ್ಮ," ಎಂದಳು ಅಕ್ಕ. "ಕೋಲು ಇಟ್ಕೊಳೋಕೂ ಅದರ ಪರ್ಮಿಷನ್ ಬೇಕು."

ಎರಡು ದಿನ ಅಕ್ಕ ಮಂಕಾಗಿದ್ದಳು. ಮೂರನೆಯ ದಿನ ಅವಳ ತುಟಿಯ ಒಂದು ಮೂಲೆ ಮೇಲಕ್ಕೆದ್ದಿತ್ತು. ಆ ಮೂಲೆ ಎದ್ದರೆ ಯಾರಿಗೋ ಕಾದಿದೆ ಎಂದು ಚಿಕ್ಕಂದಿನಿಂದ ಪೆಟ್ಟು ತಿಂದ ನನಗೆ ಗೊತ್ತು. ಮುದ್ರಣಾಲಯದಿಂದ ಅವಳೊಂದು ಡಮ್ಮಿ ತರಿಸಿದ್ದಳು. ಅಂದರೆ ಪುಸ್ತಕದಷ್ಟೇ ಹಾಳೆ, ಅದೇ ಕಾಗದ, ಅದೇ ರಟ್ಟು, ಒಳಗೆ ಮಾತ್ರ ಎಲ್ಲ ಖಾಲಿ. ಪುಸ್ತಕ ಎಷ್ಟು ದಪ್ಪ ಬರುತ್ತದೆ ಎಂದು ನೋಡುವುದಕ್ಕೆ ಮಾಡುವಂಥದ್ದು. ಅದನ್ನು ಕೆಳಗೆ ಒಯ್ದು ತಾತನ ಕೈಗಿಟ್ಟು, ತೂಕ ನೋಡಿ ಸರ್ ಎಂದಳು.

ತಾತ ಬೀರು ತೆಗೆದರು. ತೂಗಿದರು. ಆವತ್ತಿನ ಪುಟಗಳ ಲೆಕ್ಕಕ್ಕೆ ಸರಿಯಾಗಿ ಅರ್ಧ ಕೆಜಿ. ಮುಳ್ಳು ನಟ್ಟನಡುವೆ ನಿಂತಿತು. ಸರಿಯಾಗಿ ಬರುವ ದಿನವನ್ನೇ ಅಕ್ಕ ಆರಿಸಿದ್ದಳು ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಅಕ್ಕ ಏನೂ ಗೊತ್ತಿಲ್ಲದ ಮಗುವಿನ ದನಿಯಲ್ಲಿ, ಬಿಸ್ಕತ್ತಿನ ಪೊಟ್ಟಣದ ಮೇಲೂ ನಿವ್ವಳ ತೂಕ ಇರುತ್ತದೆ, ಸೋಪಿನ ಮೇಲೂ ಇರುತ್ತದೆ, ಯಾವ ಪುಸ್ತಕದ ಮೇಲೂ ಯಾಕೆ ಇರುವುದಿಲ್ಲ ಸರ್ ಎಂದು ಕೇಳಿದಳು. ತಾತನ ಕಣ್ಣುಗಳು ಆ ಬಟ್ಟುಗಳಿಗಿಂತ ಹೆಚ್ಚು ಹೊಳೆದವು. ಪುಸ್ತಕದ ಹಿಂಬದಿಗೆ "ನಿವ್ವಳ ತೂಕ: ಅರ್ಧ ಕೆಜಿ" ಎಂದು ಹಾಕಲೇಬೇಕು ಎಂದು ಅವರೇ ಹಟ ಹಿಡಿದರು. ಅಕ್ಕ ಬೇಡ ಬೇಡ ಎನ್ನುತ್ತಲೇ ಒಪ್ಪಿ, ಮುಖಪುಟವನ್ನು ಅವಸರದಲ್ಲಿ ಅಚ್ಚಿಗೆ ಕಳಿಸಿ ಅಚ್ಚು ಹಾಕಿಸಿಯೂಬಿಟ್ಟಳು.

ಮಾರನೆಯ ಬೆಳಿಗ್ಗೆ ತಾತ ಮಾಮೂಲಿನಂತೆ ಹೊಸ ಅಧ್ಯಾಯ ಹಿಡಿದು ಬಂದರು. ಅಕ್ಕ ಇದಕ್ಕೇ ಕಾಯುತ್ತಿದ್ದಳು. ಅವರ ಜೊತೆ ಕೆಳಗಿಳಿದು, ಡಮ್ಮಿಯನ್ನು ತಟ್ಟೆಗಿಟ್ಟು, ಅದರ ಮೇಲೆ ಇನ್ನೊಂದಿಷ್ಟು ಹಾಳೆ ಹೇರಿದಳು. ತಟ್ಟೆ ಕೆಳಗೆ ವಾಲಿತು. ಅಯ್ಯೋ ಸರ್, ತೂಕ ತಪ್ಪಿತಲ್ಲ, ಹಿಂಬದಿ ಆಗಲೇ ಅಚ್ಚಾಗಿದೆಯಲ್ಲ ಎಂದು ಕೆನ್ನೆಗೆ ಕೈ ಹಚ್ಚಿದಳು. ಬಾಗಿಲ ಸಂದಿಯಲ್ಲಿ ನಾನು ನಗು ತಡೆದುಕೊಂಡು ನಿಂತಿದ್ದೆ.

ತಾತ ಮುಗುಳ್ನಕ್ಕರು.

"ಕಡಿಮೆ ತೂಗಿದ್ರೆ ಅಪರಾಧ ಅಮ್ಮಾ. ಹೆಚ್ಚು ಕೊಟ್ರೆ ಯಾವ ಕಾನೂನೂ ಕೇಳಲ್ಲ. ಇನ್ನೂ ಒಂದೆರಡು ಅಧ್ಯಾಯ ಧಾರಾಳವಾಗಿ ಹಾಕು."

ಅಕ್ಕ ಚಾಪೆ ಕೆಳಗೆ ತೂರಿದ್ದಳು, ತಾತ ರಂಗೋಲಿ ಕೆಳಗೆ ತೂರಿದರು. ಅವಳ ತುಟಿಯ ಮೂಲೆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಆ ವಾರ ತಾತ ಇನ್ನಷ್ಟು ಧಾರಾಳಿಯಾದರು. ತೂಕ ಹಾಕುವ ಉಪಾಯ ಹೊಳೆದ ಬಗೆಯೇ ಒಂದು ಅಧ್ಯಾಯವಾಯಿತು. ತಿಂಗಳ ಕೊನೆ ಹತ್ತಿರ ಬರುತ್ತಿತ್ತು. ಅಕ್ಕ ಗುಟ್ಟಾಗಿ ಬರೆದಿಟ್ಟುಕೊಂಡಿದ್ದ ಆನೆ, ಇಲಿ, ಕರಡಿಗಳ ಚಿತ್ರಗಳನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದಳು. ಪ್ರಕಾಶಕರಿಗೆ ಆಗುವುದಿಲ್ಲ ಎಂದು ಹೇಳಿಬಿಡಲೇ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಗಡ್ಡ ಸವರಿಕೊಂಡರು.

ಆದರೆ ಕರಡು ತಿದ್ದುವ ಕೆಲಸ ಬಾಕಿ ಇತ್ತಲ್ಲ. ನಮ್ಮಲ್ಲಿ ಅದರ ರೀತಿ ಹೀಗೆ. ನಾನು ಮೂಲವನ್ನು ಗಟ್ಟಿಯಾಗಿ ಓದಬೇಕು, ಅಕ್ಕ ಕಟ್ಟಿದ ಪುಟದ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಬೇಕು. ನನಗೆ ಬೇಜಾರಾದಾಗ ತಾತನ ದನಿಯಲ್ಲೇ ಓದುತ್ತೇನೆ, ಬೇಗ ಸಾಗುತ್ತದೆ. ಅವತ್ತು ಸಕ್ಕರೆ ಅಂಗಡಿಯ ದಾಳಿಯ ಅಧ್ಯಾಯ. ಗಂಟಲು ಸರಿಮಾಡಿಕೊಂಡು, ಒಂದು ಕೈ ಬೆನ್ನ ಹಿಂದೆ ಕಟ್ಟಿ ಓದುತ್ತಿದ್ದೆ. ಒಂದು ಸಾಲಿಗೆ ಬಂದಾಗ ಅಕ್ಕನ ಬೆರಳು ನಿಂತಿತು.

"ಅದನ್ನ ಇನ್ನೊಂದ್ಸಲ ಓದು," ಎಂದಳು.

ಓದಿದೆ. ತುಟಿಯ ಮೂಲೆ ಮೇಲೆದ್ದಿತು.

ಸಂಜೆ ಅಕ್ಕ ಪುಟಗಳನ್ನು ಎತ್ತಿಕೊಂಡು ಕೆಳಗಿಳಿದಳು. ಹಿಂದೆ ನಾನು. ಮೆಟ್ಟಿಲ ಅರ್ಧದಲ್ಲಿ ಸೌಟು ಹಿಡಿದ ಅಮ್ಮ, ಅವಳ ಹಿಂದೆ ಅಪ್ಪ. ಕೆಳಗೆ ಅಜ್ಜಿ ಕಿಟಕಿಯ ಹತ್ತಿರ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಒಂದು ಪುಟವನ್ನಾದರೂ ಲೇಖಕರ ಬಾಯಲ್ಲೇ ಕೇಳಿ ತಿದ್ದಬೇಕೆಂಬ ಆಸೆ ಸರ್ ಎಂದು ಅಕ್ಕ ಬೆಣ್ಣೆ ಹಚ್ಚಿದಳು. ತಾತ ಎದ್ದು ನಿಂತೇ ಓದಿದರು. ಸಕ್ಕರೆ ಅಂಗಡಿಯವನು ಬಂದವರಿಗೆಲ್ಲ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದದ್ದು, ಊರೆಲ್ಲ ಅವನನ್ನು ಹೊಗಳುತ್ತಿದ್ದದ್ದು, ಇವರು ಮಾತ್ರ ಅನುಮಾನಪಟ್ಟು ಗೋದಾಮಿಗೆ ನುಗ್ಗಿದ್ದು. ದನಿ ಏರುತ್ತಾ ಹೋಯಿತು.

"'ತೂಕಕ್ಕಿಂತ ಹೆಚ್ಚು ಕೊಡುವ ಅಂಗಡಿಯವನ ಮೇಲೆ ಮೊದಲು ಕಣ್ಣಿಡಬೇಕು. ಅವನ ಒಳಕೋಣೆಯಲ್ಲಿ ಖಂಡಿತವಾಗಿ ಮಾರಿಹೋಗದ ಹಳೆಯ ಮಾಲು...'"

ಅಲ್ಲಿಗೆ ದನಿ ನಿಂತಿತು. ಪುಟ ಕಣ್ಣಿನ ಹತ್ತಿರ ಹೋಯಿತು, ಆಮೇಲೆ ದೂರ ಹೋಯಿತು.

"ಇದು ನಾನೇ ಬರೆದಿದ್ದಾ?"

"ನೀವೇ ಸರ್. ನಾನು ಬರೀ ಅಂಚು ಬಿಟ್ಟಿದೀನಿ."

ಮೆಟ್ಟಿಲ ಮೇಲೆ ಅಮ್ಮನ ಸೌಟು ಕಂಬಿಗೆ ತಾಗಿ ಟಣ್ ಎಂದಿತು. ನಮ್ಮ ಮನೆ, ಅಡುಗೆಮನೆಯ ಬಿಸಿಲು, ಅಕ್ಕನ ಕಿಟಕಿ, ಎಲ್ಲ ಆ ಗಳಿಗೆಯಲ್ಲಿ ತಾತನ ಹುಬ್ಬಿಗೆ ನೇತುಬಿದ್ದಿದ್ದವು. ಅದು ಮೇಲೆ ಹೋಗುತ್ತದೋ ಗಂಟಾಗುತ್ತದೋ ಎಂದು ನಾನು ಅದನ್ನೇ ನೋಡುತ್ತಿದ್ದೆ.

ಅಜ್ಜಿ ದಾರವನ್ನು ಹಲ್ಲಲ್ಲಿ ಕಡಿದರು. "ಆ ಪಂಪು ರಿಪೇರಿ ಯಾವ ಮಾಲು ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ತಾತ ಅಜ್ಜಿಯ ಕಡೆ ತಿರುಗಿದರು, ಅಕ್ಕನ ಕಡೆ ತಿರುಗಿದರು. ಆಮೇಲೆ ಗಾಜಿನ ಬೀರುವಿನ ಕಡೆ ನಡೆದು, ತಕ್ಕಡಿ ಹೊರತೆಗೆದು ಮೇಜಿನ ಮೇಲಿಟ್ಟು ಕೈ ಚಾಚಿದರು.

"ಪೆನ್ಸಿಲ್ ಕೊಡು."

ಅಲ್ಲಿಂದ ನಡೆದದ್ದು ದಾಳಿಯೇ ಸರಿ. ತಮ್ಮ ಅಂಗಡಿಗೆ ತಾವೇ ನುಗ್ಗಿದ ಇನ್ಸ್‌ಪೆಕ್ಟರನ್ನು ನಾನು ಬೇರೆಲ್ಲೂ ನೋಡಿಲ್ಲ. ಪಂಪು ಹೋಯಿತು, ರಿಪೇರಿ ಹೋಯಿತು. ಅಕ್ಷರ ಆರಿಸಿದ ಬಗೆ, ತೂಕದ ಉಪಾಯ ಹೊಳೆದ ಬಗೆ ಒಟ್ಟಿಗೇ ಹೋದವು. "ಯುವಜನಾಂಗದ ಅವಸರ"ದ ಮೇಲೆ ಪೆನ್ಸಿಲ್ಲು ಒಂದು ಗಳಿಗೆ ಅನುಮಾನಿಸಿತು, ಆಮೇಲೆ ಅಡ್ಡಗೆರೆ ಎಳೆಯಿತು. ಸಾಹಿತ್ಯ ಲೋಕಕ್ಕೆ ನನ್ನ ಪ್ರವೇಶ ಅಷ್ಟಕ್ಕೇ ಮುಗಿಯಿತು. ಅಪ್ಪ ಮೆಟ್ಟಿಲ ಮೇಲಿನಿಂದಲೇ, ನನ್ನದೇನಾದರೂ ಇದೆಯಾ ಎಂದು ಇಣುಕಿದರು. ಹಾಲು ತರುವ ಸಾಲೊಂದಿತ್ತು, ಗಡ್ಡ ಬೋಳಿಸಿಕೊಂಡ ಸಂಗತಿ ಸಮೇತ. ಅದೂ ಹೋಯಿತು. ಅಪ್ಪನ ಮುಖದಲ್ಲಿ ಸಮಾಧಾನವೋ ನಿರಾಸೆಯೋ ಹೇಳುವುದು ಕಷ್ಟ.

ತಾತನ ಕೈ ನಿಲ್ಲಲಿಲ್ಲ. ಉಳಿದ ಪುಟಗಳ ಲೆಕ್ಕಕ್ಕೆ ಡಮ್ಮಿಯಿಂದ ಹಾಳೆ ಕಿತ್ತು ತೂಗಿದಾಗ ಈ ಸಲ ಬಟ್ಟಿನ ತಟ್ಟೆ ಕೆಳಗಿಳಿಯಿತು. ಪುಸ್ತಕ ಹಗುರವಾಗಿಬಿಟ್ಟಿತ್ತು.

"ಈಗ ನಿಜವಾಗ್ಲೂ ಅಪರಾಧ ಆಯ್ತು," ಎಂದರು ತಾತ.

ಖಾಲಿ ಹಾಳೆ ಸೇರಿಸಿದರೆ ಆಯಿತಲ್ಲ ಎಂದು ನಾನು ಬಾಯಿ ಹಾಕಿದೆ. ಅಕ್ಕಿಗೆ ಕಲ್ಲು ಬೆರೆಸುವವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಅವರ ಕೈ ಮೆಲ್ಲಗೆ ಹೊಸ ಕಾಗದದ ಕಡೆ ಜಾರುತ್ತಿತ್ತು. ಇವತ್ತಿನ ದಾಳಿಯನ್ನೇ ಬರೆದರೆ ಎಷ್ಟು ಚೆನ್ನ ಎಂಬ ಆಸೆ ಆ ಬೆರಳುಗಳಲ್ಲೇ ಕಾಣುತ್ತಿತ್ತು. ಅಕ್ಕ ಕಾಗದದ ಮೇಲೆ ತನ್ನ ಅಂಗೈ ಊರಿದಳು.

"ಬೇಡ ಸರ್. ಕಡಿಮೆ ಬಿದ್ದ ತೂಕಕ್ಕೆ ನಾನು ಚಿತ್ರ ಬರೀತೀನಿ."

ಅವತ್ತೇ ಕೂತು ಬರೆಯತೊಡಗಿದಳು. ಅಕ್ಕಸಾಲಿಗನ ಉಗುರಿನಷ್ಟು ಪುಟ್ಟ ತಕ್ಕಡಿ, ಹಳೇ ಪೇಪರಿನವನ ಕೊಕ್ಕೆ ತಕ್ಕಡಿ, ಲಾರಿಯನ್ನೇ ನುಂಗುವ ತೂಕದ ಕಟ್ಟೆ, ಮೀನಿನಂಗಡಿಯವಳ ತಟ್ಟೆಯಲ್ಲಿ ಕಾಲು ಮಡಿಸಿ ಕೂತ ಒಬ್ಬ ಇನ್ಸ್‌ಪೆಕ್ಟರು. ಅದನ್ನು ನೋಡಿ ಅಜ್ಜಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಚಿತ್ರಗಳೆಲ್ಲ ಸೇರಿದ ಹೊಸ ಡಮ್ಮಿ ಬಂದ ದಿನ ತಾತ ತೂಗಿದರು. ಮುಳ್ಳು ಆಚೆ ಅಲ್ಲಾಡಿ, ಈಚೆ ಅಲ್ಲಾಡಿ, ನಡುವೆ ನಿಂತಿತು. ಒಳಪುಟದಲ್ಲಿ "ಚಿತ್ರಗಳು" ಎಂದು ಬರೆದು ಮುಂದೆ ಅಕ್ಕನ ಹೆಸರನ್ನು ಅವರೇ ಸೇರಿಸಿದರು. ಅಕ್ಷರ ಇನ್ನೂ ಸ್ವಲ್ಪ ದೊಡ್ಡದಿರಲಿ ಎಂದರು. ಅದೊಂದು ಬದಲಾವಣೆಗೆ ಅಕ್ಕ ಚಕಾರ ಎತ್ತಲಿಲ್ಲ.

ಅಕ್ಕ ಪುಟಗಳನ್ನು ಜೋಡಿಸಿಕೊಂಡು ಏಳುವಾಗ ತಾತ ಬಟ್ಟುಗಳನ್ನು ಒರೆಸುತ್ತಾ, ಅವಳ ಮುಖ ನೋಡದೆ ಹೇಳಿದರು.

"ಪುಸ್ತಕದ ಮೇಲೆ ತೂಕ ಯಾಕಿಲ್ಲ ಅಂತ ಕೇಳಿದ್ಯಲ್ಲ, ಅದು ನನಗೆ ಹಾಕಿದ ಮೂಗುದಾರ ಅಂತ ಆಗ್ಲೇ ಗೊತ್ತಾಗಿತ್ತು."

"ಮತ್ತೆ ಹಾಕ್ಲೇಬೇಕು ಅಂತ ಯಾಕೆ ಹಟ ಹಿಡಿದ್ರಿ?"

"ಐಡಿಯಾ ಚೆನ್ನಾಗಿತ್ತು."

"ಸರಿ ಹಾಗಾದ್ರೆ, ಬರ್ತೀನಿ ತಾತ," ಎಂದಳು ಅಕ್ಕ.

ತಾತನ ಕೈ ಬಟ್ಟಿನ ಮೇಲೆ ಒಂದು ಗಳಿಗೆ ನಿಂತಿತು. ಮೇಜಿನ ಮುಂದೆ ಕೂತು ಅವರು ಸರ್ ಆಗಿದ್ದ ಕಾಲ ಮುಗಿಯಿತು ಎಂದು ಅವರಿಗೆ ತಿಳಿಯಿತು. ಹ್ಞೂಂ, ನಿಧಾನ ಹತ್ತು, ಮೆಟ್ಟಿಲು ಒದ್ದೆ ಇದೆ ಎಂದರು.

ಪುಸ್ತಕ ಬಂತು. ತಾತ ಬೀದಿಯ ಅಂಗಡಿಯವರಿಗೆಲ್ಲ ಒಂದೊಂದು ಹಂಚಿದರು. ಎಲ್ಲರೂ ಓದುವ ಮೊದಲು ತೂಗಿದರು. ಬೇಕರಿಯವನಂತೂ ತನ್ನ ತಕ್ಕಡಿಗೆ ಹಾಕಿ, ಬಹಳ ಹೊತ್ತು ಗಂಭೀರವಾಗಿ ನೋಡಿ, ಒಂದು ಹಾಳೆ ಕಡಿಮೆ ಇದ್ದ ಹಾಗಿದೆ ಸಾರ್, ಬಿಸಿಲಿಗೆ ಆರಿರಬೇಕು ಎಂದನಂತೆ. ತಾತ ಆಮೇಲೆ ಬ್ರೆಡ್ಡು ವಾಪಸು ಕೊಂಡೊಯ್ದಿಲ್ಲ.

ತಿಂಗಳ ಮೊದಲ ದಿನ ಅಕ್ಕ ಕಿಟಕಿಯ ಹತ್ತಿರ ಖಾಲಿ ಕೈಯಲ್ಲಿ ಕೂತು ಅಕ್ಷರಮಾಲೆ ಶುರು ಮಾಡಿದಳು. ಅವಳು ಅರ್ಧಕ್ಕೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಆ ಪರಿಚಿತ ಹೆಜ್ಜೆ ಸದ್ದಾಯಿತು. ಅಮ್ಮ ಸೌಟು ಹಿಡಿದು ನಿಂತಳು, ಅಪ್ಪ ಕೆನ್ನೆ ಮುಟ್ಟಿ ನೋಡಿಕೊಂಡರು. ತಾತನ ಕೈಯಲ್ಲಿ ಕಾಗದದ ಕಟ್ಟು ಇರಲಿಲ್ಲ. ಪಂಪು ಮತ್ತೆ ಕೆಟ್ಟಿದೆ, ನೀರು ಹಿಡಿದಿಟ್ಟುಕೊಳ್ಳಿ ಎಂದು ಹೇಳಲು ಬಂದಿದ್ದರು ಅಷ್ಟೇ.

ಹೋಗುವಾಗ ಅಕ್ಕನ ಮೇಜಿನ ಹತ್ತಿರ ನಿಂತರು. ಅಕ್ಕ ಬಚ್ಚಿಡಲು ಹೋದಳು, ತಡವಾಗಿತ್ತು. 'ತ' ತಕ್ಕಡಿಯ ಪುಟದಲ್ಲಿ ಒಂದು ಕರಡಿ, ಮೂಗಿನ ತುದಿಗೆ ಕನ್ನಡಕ, ಒಂದು ಕೈ ಬೆನ್ನ ಹಿಂದೆ, ಇನ್ನೊಂದು ಕೈಯಲ್ಲಿ ತಕ್ಕಡಿ. ಒಂದು ತಟ್ಟೆಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಹೆದರಿ ಕೂತ ಇಲಿ. ಪಕ್ಕದ ಮನೆಯ ಹುಡುಗನಿಗೆ ತೋರಿಸಿದರೂ ಇದು ಯಾರೆಂದು ಹೇಳಿಬಿಡುತ್ತಿದ್ದ.

ತಾತ ಬಗ್ಗಿ ನೋಡಿದರು. ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದರು. ಈ ಕರಡಿಯನ್ನು ಎಲ್ಲೋ ಕಂಡ ಹಾಗಿದೆ ಎಂದು ಮಾತ್ರ ಹೇಳಲಿಲ್ಲ.

"ಒಂದು ಸಣ್ಣ ಬದಲಾವಣೆ ಇದೆ," ಎಂದರು.

ಅಕ್ಕ ಕಣ್ಣು ಮುಚ್ಚಿಕೊಂಡಳು.

"ಮುಳ್ಳು ಒಂದು ಕೂದಲೆಳೆ ಎಡಕ್ಕೆ ವಾಲಿದೆ. ನಡುವೆ ನಿಲ್ಲಿಸು. ಮಕ್ಕಳು ನೋಡೋ ಪುಸ್ತಕ."

ಅಕ್ಕ ಅವರೆದುರಿಗೇ ಅಳಿಸಿ, ನಡುವೆ ನಿಲ್ಲಿಸಿದಳು. ತಾತ ತಲೆಯಾಡಿಸಿ, ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಥೇಟ್ ಆ ಕರಡಿಯ ಹಾಗೇ ಮೆಟ್ಟಿಲಿಳಿದು ಹೋದರು.